ಟ್ರಿಸ್ಟನ್ ದ ಕುನ್ಹಾದ ಜನ ಅವಿವೇಕಿಗಳೇ?

ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ದ ಕುನ್ಹಾ ದ್ವೀಪದವರನ್ನು ‘ಪಾಪ, ಗತಿಯಿಲ್ಲದವರು’ ಎಂದು ಭೂಗೋಳದ ಪಾಠದಲ್ಲಿ ಮರುಗುವುದನ್ನು ನಾವು ಒಪ್ಪೆವು. 1961ರಲ್ಲಿ ಅಗ್ನಿಪರ್ವತವು ಊರ ಪಕ್ಕದಲ್ಲೇ ಬಾಯ್ದೆರೆದಾಗ ಆ ಜನರನ್ನೆಲ್ಲ ಇಂಗ್ಲೆಂಡಿಗೆ ಸಾಗಿಸಲಾಯಿತು. ಅಲ್ಲಿ ವಸತಿ, ಉದ್ಯೋಗ, ಶಾಲೆ ಎಲ್ಲವೂ ದೊರೆತವು. ಅವರು ಸುಖವನ್ನು ಕಾಣದೆ ಮರಳಿದವರಲ್ಲ, ಕಂಡು ಮರಳಿದವರು! 1962ರಲ್ಲಿ ಮತ ಕೇಳಿದಾಗ ಹಿಂದಿರುಗುವೆವೆಂದವರು 148, ಒಲ್ಲೆವೆಂದವರು ಐವರೇ. 1963ರಲ್ಲಿ ಮರಳಿ ತಮ್ಮ ಆಲೂಗಡ್ಡೆಯ ಹೊಲಗಳಿಗಿಳಿದರು. ಮುಂದೆ ಕೆಲವರು ಪುನಃ ಇಂಗ್ಲೆಂಡಿಗೆ ಹೋದದ್ದೂ ದಿಟ. ಊರು ಮಾತ್ರ ಬರಿದಾಗಲಿಲ್ಲ. ಇಂದಿಗೂ ಅಲ್ಲಿ ವಿಮಾನನಿಲ್ದಾಣವಿಲ್ಲ. ಕೇಪ್‌ಟೌನಿನಿಂದ ಹಡಗಿನಲ್ಲಿ ಸುಮಾರು ಒಂದು ವಾರದ ಪಯಣ. ತಲೆ ಎಣಿಸಿ ‘ಇಷ್ಟು ಮಂದಿಗೆ ಒಂದು ಊರೇಕೆ?’ ಎನ್ನುವ ಪಂಡಿತರು ಆ 148 ಮತಗಳನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತಾರೆ?