ಹೀಟರಿಗೆ ‘ಡೈರೆಕ್ಟ್’ ಬೇಡ, ಸ್ವಾಮಿ!

ಚಳಿಮಳೆ ಹಿಡಿಯಿತೆಂದರೆ ಮಡಿಕೇರಿಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಕೆಳಗೆ ಫ್ಯಾನ್ ಹೀಟರ್ ಬುಸುಗುಡುತ್ತದೆ. ಬೆಚ್ಚಗಿರಲಿ, ಬೇಡವೆನ್ನುವವರು ಯಾರು? ಆದರೆ ಅದರ ಹೊಟ್ಟೆಯೊಳಗೆ ಥರ್ಮಲ್ ಕಟ್‌ಔಟ್ ಎಂಬ ಕಾವಲುಗಾರನಿದ್ದಾನೆ. ಫ್ಯಾನ್ ನಿಂತರೆ, ಗಾಳಿದಾರಿಗೆ ಬಟ್ಟೆ ಅಡ್ಡಬಿದ್ದರೆ ಕರೆಂಟು ಕಡಿಯುವುದು ಅವನ ಕೆಲಸ. ‘ಪದೇ ಪದೇ ಆಫ್ ಆಗ್ತದೆ, ಡೈರೆಕ್ಟ್ ಮಾಡಿಕೊಡಪ್ಪಾ’ ಎನ್ನುವುದು ಕಾವಲುಗಾರನನ್ನೇ ಮನೆಗೆ ಕಳಿಸಿದಂತೆ. ಮೊದಲು ಧೂಳು ತೆಗೆಸಿ, ಫ್ಯಾನ್ ನೋಡಿಸಿ; ಕಟ್‌ಔಟೇ ಕೆಟ್ಟಿದ್ದರೆ ಅದೇ ರೇಟಿಂಗಿನ ಹೊಸದು ಹಾಕಿಸಿ.

2000 ವ್ಯಾಟಿನ ಹೀಟರು ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಾಕೆಟ್ಟಿಗೆ ಅದು ಹೊರಲಾರದ ಹೊರೆ, 16ರದ್ದೇ ಬೇಕು. ಬಾಗಿಲೆಳೆದು ಕೊನೇ ಬಸ್ಸಿಗೆ ಓಡುವ ಮುನ್ನ ಪ್ಲಗ್ ಕೀಳಿ.

ರಿಪೇರಿಯವರೇ, ಗಿರಾಕಿ ಕೇಳಿದರೂ ‘ಡೈರೆಕ್ಟ್’ ಮಾಡಬೇಡಿ. ಉಳಿಯುವುದು ಪುಡಿಗಾಸು; ಬೆಂಕಿ ಬಿದ್ದರೆ ಹೋಗುವುದು ಅಂಗಡಿಸಾಲೇ!