ಶಾಲೆಯ ಶಿಸ್ತೂ ವರ್ಷಾಂತ್ಯದ ಸಮಾರಂಭಗಳೂ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ನಮ್ಮ ಶಾಲೆಗಳಲ್ಲಿ ಕೇಳದೆ ಬೆಳೆದವರಿಲ್ಲ. ಮಕ್ಕಳಿಗೆ ನಿಯಮ ಬೇಕು, ಶಿಸ್ತು ಬೇಕು ಎಂಬುದನ್ನು ನಾನೂ ಅಲ್ಲಗಳೆಯುವವನಲ್ಲ. ಆದರೆ ವರ್ಷವೆಲ್ಲ ಕೂಡಿಬಂದ ಶಿಸ್ತಿನ ಲೆಕ್ಕವನ್ನು ವರ್ಷದ ಕೊನೆಯ ಸಂತೋಷದ ದಿನದಂದು ತೀರಿಸಿಕೊಳ್ಳುವ ಪದ್ಧತಿಯೊಂದುಂಟು. ಅದು ತಪ್ಪೆಂದು ನನ್ನ ಅಲ್ಪಮತಿಗೆ ತೋರಿದೆ. ನಮ್ಮಲ್ಲಿ ಹಲವರು ನಾಳೆ ಅದೇ ಶಾಲೆಗಳಿಗೆ ಅಧ್ಯಾಪಕರಾಗಿ ಹೋಗುವವರು. ಆದುದರಿಂದ ಈ ವಿಷಯವನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡಬಯಸುತ್ತೇನೆ.

ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯವನು. ಏಳನೆಯ ತರಗತಿಯಲ್ಲಿ ನಾನೇ ಕ್ಲಾಸ್ ಲೀಡರ್. ಸೋಮವಾರ ಎಲ್ಲರ ಉಗುರು ನೋಡುವುದು, ಮೇಷ್ಟ್ರಿಲ್ಲದಾಗ ಮಾತನಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು, ತಡವಾಗಿ ಬಂದವರನ್ನೂ ಬಾರದವರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವುದು ನನ್ನ ಅಧಿಕಾರ. ಆಗಿನ ನನ್ನ ಗತ್ತು ತಹಶೀಲ್ದಾರರಿಗೂ ಇರಲಾರದು.

ಪರೀಕ್ಷೆಗೆ ಮುಂಚೆ ಏಳನೆಯ ತರಗತಿಯವರಿಗೆ ಬೀಳ್ಕೊಡುಗೆ. ಶಾರದಾ ಪೂಜೆ, ಶಾಲೆಗೆ ನಮ್ಮ ಕಡೆಯಿಂದ ಒಂದು ಗೋಡೆ ಗಡಿಯಾರ, ಸಿಹಿ ಊಟ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಗ್ರೂಪ್ ಫೋಟೋ. ಆ ವರ್ಷ ಹಾಜರಿ ಕಡಿಮೆಯಾದವರೂ ನಿಯಮ ಮುರಿದವರೂ ಸಮಾರಂಭಕ್ಕೆ ಬರಕೂಡದೆಂದು ತೀರ್ಮಾನವಾಯಿತು. ಪಟ್ಟಿ ಕೊಡುವ ಕೆಲಸ ನನ್ನದು. ನಾನು ಬರೆದ ಮೊದಲ ಹೆಸರು ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯನದು.

ನಮ್ಮ ಕಡೆ ಅಡಿಕೆ ಕೊಯ್ಲು ಬಂತೆಂದರೆ ಕೂಲಿಯವರ ಮನೆಯವರೆಲ್ಲ ಅಡಿಕೆ ಸುಲಿಯಲು ಕೂರುತ್ತಾರೆ. ಎಷ್ಟು ಸುಲಿದರೆ ಅಷ್ಟು ದುಡ್ಡು. ಆದ್ದರಿಂದ ಕೆಲಸ ರಾತ್ರಿ ಬಹಳ ಹೊತ್ತಿನವರೆಗೂ ನಡೆಯುತ್ತದೆ. ಅವನು ತಾಯಿಯ ಜೊತೆ ಅಲ್ಲಿರುತ್ತಿದ್ದ. ಬೆಳಿಗ್ಗೆ ಕೆಲವು ದಿನ ತಡವಾಗಿ ಬರುತ್ತಿದ್ದ, ಕೆಲವು ದಿನ ಬರುತ್ತಲೇ ಇರಲಿಲ್ಲ. ಉಗುರು ನೋಡುವಾಗ ಅವನ ಬೆರಳುಗಳು ಅಡಿಕೆಯ ಕರೆಯಿಂದ ಕಪ್ಪಾಗಿರುತ್ತಿದ್ದವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಬೀಳ್ಕೊಡುಗೆಯ ದಿನ ಅವನು ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು ಬಂದು, ಕಾಂಪೌಂಡಿನ ಆಚೆ ಸ್ವಲ್ಪ ಹೊತ್ತು ನಿಂತಿದ್ದು ಹೋದ. ಜೂನ್ ತಿಂಗಳಲ್ಲಿ ಅವನು ಎಂಟನೆಯ ತರಗತಿಗೆ ಬರಲಿಲ್ಲ. ಆ ಒಂದು ದಿನದಿಂದಲೇ ಶಾಲೆ ಬಿಟ್ಟನೆಂದು ನಾನು ಹೇಳಲಾರೆ. ಮನೆಯ ಬಡತನ ದೊಡ್ಡದಿತ್ತು. ಆದರೆ ಹೋಗುವವನನ್ನು ಹಿಡಿದು ನಿಲ್ಲಿಸಬೇಕಾಗಿದ್ದ ಶಾಲೆಯೇ ಅವನಿಗೆ ಬಾಗಿಲು ತೋರಿಸಿತೆಂಬುದು ಸುಳ್ಳಲ್ಲ.

ಈ ಮಾತನ್ನು ನಮ್ಮ ಹಾಸ್ಟೆಲ್ ಕೋಣೆಯಲ್ಲಿ ಎತ್ತಿದಾಗ ಪ್ರತಿಯೊಬ್ಬನ ಬಳಿಯೂ ಇಂಥದೊಂದು ಕಥೆ ಇತ್ತು. ಹಿರಿಯೂರಿನ ಗೆಳೆಯನ ತಂಗಿ 2025ರಲ್ಲಿ ಏಳನೆಯ ತರಗತಿ. ಆ ಜನವರಿಯಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. 1907ರಲ್ಲಿ ಕಟ್ಟಿ ಮುಗಿದ ಆ ಅಣೆಕಟ್ಟು ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ ಮತ್ತು 2022ರಲ್ಲಿ ಮಾತ್ರ. ಎಲ್ಲೆಲ್ಲಿಂದಲೋ ಜನ ಬಂದು ನೋಡಿದರು. ಶಾಲೆಯವರೂ ಮಕ್ಕಳನ್ನು ಕರೆದೊಯ್ದರು. ನೋಟ್ಸ್ ಪೂರ್ತಿ ಬರೆದಿಲ್ಲವೆಂದು ಈ ಹುಡುಗಿಯನ್ನು ಬಿಟ್ಟುಹೋದರು. ವೇದಾವತಿಯ ಪಾಠವನ್ನು ಪುಸ್ತಕದಿಂದ ನಕಲು ಮಾಡಲಿಲ್ಲವೆಂದು ವೇದಾವತಿಯನ್ನೇ ತೋರಿಸದೆ ಇರುವುದು ಯಾವ ನ್ಯಾಯ?

ದುರ್ಗದ ಗೆಳೆಯನ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಒನಕೆ ಓಬವ್ವನ ನಾಟಕ. ತಿಂಗಳುಗಟ್ಟಲೆ ಮಾತು ಕಲಿತಿದ್ದ ಹುಡುಗಿ ಎರಡು ದಿನ ತಡವಾಗಿ ಬಂದಳೆಂದು ಪಾತ್ರ ಕಿತ್ತು ಬೇರೆಯವಳಿಗೆ ಕೊಟ್ಟರಂತೆ. ಗಂಡ ಊಟಕ್ಕೆ ಕೂತಿದ್ದಾಗ, ಯಾರ ಅಪ್ಪಣೆಗೂ ಕಾಯದೆ ಒನಕೆ ಹಿಡಿದು ನಿಂತವಳು ಓಬವ್ವ. ಅವಳ ಕಥೆಯಿಂದ ನಾವು ಕಲಿತದ್ದು ಇಷ್ಟೇ ಏನು?

ಹೊಸದುರ್ಗದ ಗೆಳೆಯ ಮಾತ್ರ ಒಪ್ಪಲಿಲ್ಲ. ಅವನ ತಂದೆ ಮೇಷ್ಟ್ರು. "2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂದು ಬೆತ್ತ ಹೋಯಿತು. ಗದರಿಸಿದರೆ ಪೋಷಕರು ಬರುತ್ತಾರೆ. ಮಕ್ಕಳು ಹೆದರುವುದು ಪ್ರವಾಸ ತಪ್ಪೀತೆಂಬ ಒಂದಕ್ಕೇ. ಅದನ್ನೂ ಕಿತ್ತುಕೊಂಡರೆ ನಮ್ಮಪ್ಪ ಏನು ಮಾಡಬೇಕು?" ಎಂದ. ಆ ಮಾತಿನಲ್ಲಿ ಹುರುಳಿದೆ. ಹಲವು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಅಧ್ಯಾಪಕರ ಕಷ್ಟ ಹೊರಗಿನವರಿಗೆ ತಿಳಿಯದು.

ಆದರೆ ಅದೇ ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 16ನೆಯ ಪ್ರಕರಣದಂತೆ ಎಂಟನೆಯ ತರಗತಿ ಮುಗಿಸುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟಿತೇ ಹೊರತು ಹೊರಹಾಕಲು ಕೊಡಲಿಲ್ಲ. ವರ್ಷಕ್ಕೆ ಹೊರಹಾಕಬಾರದ ಮಗುವನ್ನು ಊರೆಲ್ಲ ನೋಡುವ ಒಂದು ದಿನದ ಮಟ್ಟಿಗೆ ಹೊರಹಾಕುವುದು ಕಾಯಿದೆಯ ಆಶಯಕ್ಕೆ ಹೊಂದುವುದೇ?

ಇನ್ನು ಶಿಸ್ತಿನ ಮಾತು. ಆ ಗೆಳೆಯನದೇ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ಶಿವಸಂಚಾರ ತಂಡ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತಿದೆ. ನಾಟಕದ ತಾಲೀಮು ಕಂಡವರಿಗೆ ಗೊತ್ತು: ಒಬ್ಬ ತಡವಾಗಿ ಬಂದರೆ ಎಲ್ಲರೂ ಕಾಯಬೇಕು, ಒಬ್ಬ ಮಾತು ಮರೆತರೆ ಎಲ್ಲರೂ ನಿಲ್ಲಬೇಕು. ಹೊತ್ತಿಗೆ ಸರಿಯಾಗಿ ಬರುವುದನ್ನು ಮಗು ಅಲ್ಲಿ ತಾನಾಗಿಯೇ ಕಲಿಯುತ್ತದೆ. ಶಿಸ್ತನ್ನು ಕಲಿಸುವ ಸಮಾರಂಭವನ್ನೇ ಶಿಸ್ತಿಲ್ಲದವನಿಗೆ ನಿರಾಕರಿಸುವುದು ರೋಗಿಗೆ ಔಷಧಿ ತಪ್ಪಿಸಿದಂತೆ.

ಹಾಗಾದರೆ ಮಾಡಬೇಕಾದುದೇನು? ಜೂನ್ ತಿಂಗಳಲ್ಲೇ ನಿಯಮಗಳನ್ನು ಮಕ್ಕಳಿಗೂ ತಂದೆತಾಯಿಗಳಿಗೂ ಓದಿ, ಕಾರಣ ಸಹಿತ ತಿಳಿಸಲಿ. ತಪ್ಪು ನಡೆದರೆ ಅದೇ ವಾರದಲ್ಲಿ ತಿದ್ದಲಿ. ಬಡ್ಡಿ ಸೇರಿಸಿ ಮಾರ್ಚಿಗೆ ಇಡುವುದು ಬೇಡ. ಹತ್ತು ದಿನ ಬಾರದವನ ಮನೆಗೆ ಯಾರಾದರೂ ಹೋಗಿ ವಿಚಾರಿಸಲಿ. ಗಡಿಯಾರದ ಚಂದಾ ಕೊಡಲಾಗದವನನ್ನು ಕೇಳದಿರಲಿ. ಪೂರ್ಣ ಹಾಜರಿಗೆ, ಓದಿಗೆ, ಆಟಕ್ಕೆ ಬಹುಮಾನವಿರಲಿ; ಅದು ಗಳಿಸಿದವರಿಗೆ ಸಲ್ಲಲಿ. ಆದರೆ ಪ್ರವಾಸ, ಸಿಹಿ ಊಟ, ಬೀಳ್ಕೊಡುಗೆ, ಫೋಟೋ ಇವು ಬಹುಮಾನಗಳಲ್ಲ. ಇವು ಆ ತರಗತಿಯಲ್ಲಿ ಹೆಸರಿರುವ ಪ್ರತಿಯೊಂದು ಮಗುವಿಗೂ ಸೇರಿದವು.

ಕಳೆದ ವರ್ಷ ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಆ ಗೆಳೆಯ ಸಿಕ್ಕಿದ್ದ. ಈಗ ಲಗೇಜ್ ಆಟೋ ಓಡಿಸುತ್ತಾನೆ. ಟೀ ಕೊಡಿಸಿದ, ನನ್ನ ಕಾಸು ತೆಗೆದುಕೊಳ್ಳಲಿಲ್ಲ. ಪಟ್ಟಿಯ ವಿಷಯ ನಾನೇ ಎತ್ತಿದೆ. "ಅಯ್ಯೋ ಬಿಡಪ್ಪ, ಮೇಷ್ಟ್ರು ಕೇಳಿದ್ರು, ನೀನು ಬರೆದೆ" ಎಂದು ನಕ್ಕ. ಆಮೇಲೆ ಸ್ವಲ್ಪ ತಡೆದು, "ಆ ಫೋಟೋ ನಿನ್ನತ್ರ ಐತಾ? ಎಲ್ಲಾರು ಹೆಂಗಿದ್ರು ನೋಡ್ಬೇಕಿತ್ತು" ಎಂದ.

ಫೋಟೋ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ಅವನಿಗೆ ತೋರಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ಮುಂದೆ ಅಧ್ಯಾಪಕರಾಗಲಿರುವ ಮಿತ್ರರಲ್ಲಿ ನನ್ನದೊಂದೇ ವಿನಂತಿ: ಅಂಥ ಪಟ್ಟಿಯನ್ನು ಯಾವ ಹುಡುಗನ ಕೈಯಿಂದಲೂ ಬರೆಯಿಸಬೇಡಿ. ನನ್ನ ಮಾತಿನಲ್ಲಿ ಹೆಚ್ಚುಕಡಿಮೆಯಿದ್ದರೆ ಗುರುಗಳು ತಿದ್ದಬೇಕಾಗಿ ಪ್ರಾರ್ಥನೆ.