ಸಿಬಿಲ್ ರಿಪೇರಿ: ಮುಂಗಡ ಕೇಳುವವನಿಗೆ ದೂರದಿಂದಲೇ ಕೈ ಮುಗಿಯಿರಿ

ಸಿಟಿ ಬಸ್ ಸ್ಟ್ಯಾಂಡಿನ ಕಂಬ ಓದುವುದೂ ಒಂದು ವಿದ್ಯಾಭ್ಯಾಸವೇ. ದಿನಾ ಬಸ್ಸಿಗೆ ಕಾದು ನಿಲ್ಲುವವರಿಗೆ ಈ ಮಾತು ಗೊತ್ತು. ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಮಾಡುವವರ ಚೀಟಿಯ ಪಕ್ಕದಲ್ಲಿ ಈಗ ಇನ್ನೊಂದು ಚೀಟಿ ಬಂದು ಕೂತಿದೆ. ‘ಸಿಬಿಲ್ ಸ್ಕೋರ್ ಕಡಿಮೆಯೇ? ಚಿಂತೆ ಬಿಡಿ. 30 ದಿನದಲ್ಲಿ 750 ಗ್ಯಾರಂಟಿ!’ ಕೆಳಗೆ ಒಂದು ಮೊಬೈಲ್ ನಂಬರು. ವಿಳಾಸವಿಲ್ಲ, ಹೆಸರಿಲ್ಲ. ಮೂಲವ್ಯಾಧಿಯ ಚೀಟಿಯಲ್ಲಾದರೂ ಲಾಡ್ಜಿನ ರೂಮ್ ನಂಬರ್ ಇರುತ್ತದೆ!

ಈ ಚೀಟಿ ನಂಬಿ ಕೈ ಸುಟ್ಟುಕೊಂಡವರು ಒಬ್ಬಿಬ್ಬರಲ್ಲ. ನಮಗೆ ಪರಿಚಯದ ಸಂತೆಪೇಟೆಯ ಒಬ್ಬ ಅಂಗಡಿಯವರ ಕಥೆ ಕೇಳಿ. ಹೆಸರು ಬೇಡ, ಅವರು ಮರ್ಯಾದಸ್ಥರು. ದಸರಾಕ್ಕೆ ಮುಂಚೆ ಮಾಲು ತುಂಬಿಸೋಣ ಅಂತ ಬ್ಯಾಂಕಿಗೆ ಸಾಲ ಕೇಳಲು ಹೋದರು. ಮ್ಯಾನೇಜರ್ ಕಂಪ್ಯೂಟರ್ ನೋಡಿ, ‘ನಿಮ್ಮ ಸಿಬಿಲ್ ಸರಿಯಿಲ್ಲ ಯಜಮಾನ್ರೇ, ಆಗೋದಿಲ್ಲ’ ಅಂದುಬಿಟ್ಟರು. ಏನು ಸರಿಯಿಲ್ಲ, ಎಲ್ಲಿ ಸರಿಯಿಲ್ಲ, ಯಾರ ಹತ್ತಿರ ಸರಿ ಮಾಡಿಸಬೇಕು ಅಂತ ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಹೊರಗೆ ಬಂದ ಅಂಗಡಿಯವರಿಗೆ ಕಂಬದ ಚೀಟಿ ನೆನಪಾಯಿತು.

ಫೋನು ಮಾಡಿದ ಮಾರನೇ ದಿನವೇ ಟೈ ಕಟ್ಟಿದ ಹುಡುಗನೊಬ್ಬ ಅಂಗಡಿಗೇ ಬಂದ. ‘ಬಾಂಬೆ ಆಫೀಸಿನಲ್ಲಿ ನಮ್ಮೋರೇ ಇದ್ದಾರೆ, ಎಲ್ಲಾ ಕ್ಲೀನ್ ಮಾಡಿಸ್ತೀವಿ, ನೀವು ತಲೆ ಕೆಡಿಸ್ಕೋಬೇಡಿ ಸಾರ್’ ಎಂದ. ಆರು ಸಾವಿರ ಮುಂಗಡ, ಆಧಾರ್, ಪ್ಯಾನ್ ಜೆರಾಕ್ಸ್, ಫೋನಿಗೆ ಬಂದ ಓಟಿಪಿ ಎಲ್ಲ ತೆಗೆದುಕೊಂಡು ಹೋದ. ತಿಂಗಳಾಯಿತು, ಎರಡು ತಿಂಗಳಾಯಿತು. ಫೋನು ಸ್ವಿಚ್ ಆಫ್. ದಸರಾ ಬಂತು, ಜಂಬೂಸವಾರಿಯೂ ಮುಗಿಯಿತು. ಊರೆಲ್ಲ ವ್ಯಾಪಾರ ಮಾಡುವಾಗ ನಮ್ಮ ಅಂಗಡಿಯವರು ಅರ್ಧ ಖಾಲಿ ರ‍್ಯಾಕ್ ಇಟ್ಟುಕೊಂಡು ಕೂತಿದ್ದರು. ಆರು ಸಾವಿರ ಹೋದದ್ದಕ್ಕಿಂತ ಅವರಿಗೆ ಹೊಟ್ಟೆ ಉರಿದದ್ದು ಇದಕ್ಕೆ.

ಆಮೇಲೆ ಒಂದು ಭಾನುವಾರ ಅವರ ಜೊತೆ ನಾವೂ ಕೂತೆವು. ಪಕ್ಕದ ಬೀದಿಯ ಒಬ್ಬ ನಿವೃತ್ತ ಬ್ಯಾಂಕ್ ನೌಕರರನ್ನು ಕರೆದೆವು. ಸಿಬಿಲ್ ವರದಿ ತೆಗೆಯಲು ಹೋದರೆ ಬಾಗಿಲಿಗೇ ಬೀಗ! ಟೈ ಹುಡುಗ ಇವರ ಹೆಸರಿನ ಖಾತೆಯನ್ನು ತನ್ನ ಮೊಬೈಲ್, ತನ್ನ ಇ-ಮೇಲ್ ಹಾಕಿ ತೆರೆದಿದ್ದ. ಅದನ್ನು ಬಿಡಿಸಿಕೊಳ್ಳಲೇ ವಾರ ಹಿಡಿಯಿತು. ಕೊನೆಗೆ ವರದಿ ಕೈಗೆ ಬಂದಾಗ ಕಂಡದ್ದು ಎರಡೇ ಎರಡು ಕಪ್ಪು ಚುಕ್ಕೆ. ಒಂದು, ಕಂತಿನಲ್ಲಿ ತೆಗೆದ ಟಿವಿ ಸಾಲ. ಪೂರಾ ತೀರಿಸಿ ‘ಬಾಕಿ ಇಲ್ಲ’ ಪತ್ರ ಮೇಜಿನ ಡ್ರಾಯರಿನಲ್ಲೇ ಇದೆ, ವರದಿಯಲ್ಲಿ ಮಾತ್ರ ಬಾಕಿ ಅಂತ ಇದೆ. ಎರಡು, ಕೊರೊನಾ ಕಾಲದಲ್ಲಿ ಕಟ್ಟಲಾರದೆ ಬ್ಯಾಂಕಿನ ಜೊತೆ ಅರ್ಧಕ್ಕೆ ರಾಜಿ ಮಾಡಿಕೊಂಡ ಕ್ರೆಡಿಟ್ ಕಾರ್ಡು. ಅದರ ಮುಂದೆ ‘ಸೆಟಲ್ಡ್’ ಅಂತ ಬರೆದಿದೆ.

ಮೊದಲನೆಯದಕ್ಕೆ ಅರ್ಜಿ ಹಾಕಿದೆವು. ತಿಂಗಳೊಳಗೆ ಸರಿಯಾಯಿತು. ಖರ್ಚು ಸೊನ್ನೆ. ಎರಡನೆಯದು ಹಾಗೇ ಇದೆ, ಯಾಕೆಂದರೆ ಅದು ನಿಜ. ಇಡೀ ವಿಷಯದ ಗುಟ್ಟು ಇಷ್ಟೇ ಮಹಾಶಯರೇ. ವರದಿಯಲ್ಲಿ ತಪ್ಪಿದ್ದರೆ ಪುಕ್ಕಟೆ ಸರಿಯಾಗುತ್ತದೆ. ನಿಜವಿದ್ದರೆ ಲಕ್ಷ ಕೊಟ್ಟರೂ ಅಳಿಸಲು ಯಾರಿಂದಲೂ ಆಗೋದಿಲ್ಲ.

ಚಿತ್ರಗುಪ್ತನ ಲೆಕ್ಕ

ಸಿಬಿಲ್ ಅನ್ನುವುದು ಸರ್ಕಾರಿ ಕಚೇರಿಯಲ್ಲ. 2000ನೇ ಇಸವಿಯಲ್ಲಿ ಮುಂಬೈಯಲ್ಲಿ ಹುಟ್ಟಿದ ಒಂದು ಕಂಪನಿ. ಇಂಥ ಕಂಪನಿಗಳಿಗೆ 2005ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಅದರ ಕೆಳಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವುದು ನಾಲ್ಕಕ್ಕೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ನಾವು ಕಂತು ಕಟ್ಟಿದ್ದು, ತಪ್ಪಿಸಿದ್ದು ಎಲ್ಲವನ್ನೂ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು, ಮೈಕ್ರೋಫೈನಾನ್ಸಿನವರು ಇವಕ್ಕೆ ಕಳಿಸಬೇಕು. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂದು ಆಜ್ಞೆಯಾಗಿದೆ. ಅದನ್ನೆಲ್ಲ ಕೂಡಿ ಕಳೆದು 300ರಿಂದ 900ರೊಳಗೆ ಒಂದು ಅಂಕಿ ಕೊಡುತ್ತಾರೆ. ಅದೇ ಸ್ಕೋರು.

ಹಿಂದೆ ಲೇವಾದೇವಿಯವರ ಖಾತೆ ಪುಸ್ತಕ ಅವರ ಪೆಟ್ಟಿಗೆಯಲ್ಲೇ ಇರುತ್ತಿತ್ತು. ನಮ್ಮ ಜಿಲ್ಲೆಯವರೇ ಆದ ದೇವರಾಜ ಅರಸರ ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯಿದೆ ತಂದು, ಬಡವರ ಮೇಲಿದ್ದ ಖಾಸಗಿ ಸಾಲಗಳನ್ನು ಹೊಡೆದುಹಾಕಿತು. ಈಗಿನ ಖಾತೆ ಪುಸ್ತಕ ಮುಂಬೈಯ ಕಂಪ್ಯೂಟರಿನಲ್ಲಿದೆ. ಅದಕ್ಕೆ ಬರೆಯುವವರು ಸಾಲ ಕೊಟ್ಟವರು. ಅವರು ‘ಹೌದು, ತಪ್ಪಾಗಿದೆ’ ಅಂತ ಒಪ್ಪಿದರೆ ಮಾತ್ರ ಒಂದಕ್ಷರ ಬದಲಾಗುತ್ತದೆ. ಟೈ ಕಟ್ಟಿದ ಹುಡುಗನ ‘ನಮ್ಮೋರು’ ಯಾರೂ ಅಲ್ಲಿ ಪೆನ್ನು ಹಿಡಿದು ಕೂತಿಲ್ಲ.

ನಂಬಿಕಸ್ಥ ಯಾರು?

ಹಾಗಾದರೆ ಸಹಾಯ ಮಾಡುವವರೆಲ್ಲ ಕಳ್ಳರೇ? ಹಾಗೆ ನಾವು ಹೇಳುವುದಿಲ್ಲ. ಎಲ್ಲರಿಗೂ ಇಂಗ್ಲಿಷ್ ವರದಿ ಓದಲು ಬರೋದಿಲ್ಲ, ಅಂಗಡಿ ಬಿಟ್ಟು ಅಲೆಯಲು ಆಗೋದಿಲ್ಲ. ನಿಮ್ಮ ಲೆಕ್ಕ ಬರೆಯುವ ಆಡಿಟರೋ, ನಿವೃತ್ತ ಬ್ಯಾಂಕ್ ನೌಕರರೋ ಕೂಲಿ ತೆಗೆದುಕೊಂಡು ಅರ್ಜಿ ಬರೆದುಕೊಟ್ಟರೆ ತಪ್ಪಿಲ್ಲ. ಕಂಪನಿಗೇ ಕೊಡಬೇಕು ಅನ್ನಿಸಿದರೆ ದುಡ್ಡು ಬಿಚ್ಚುವ ಮೊದಲು ಈ ಪ್ರಶ್ನೆ ಕೇಳಿ.

ಒಂದು: ‘ಇದನ್ನು ನಾನೇ ಪುಕ್ಕಟೆ ಮಾಡಬಹುದಂತಲ್ಲ?’ ಪ್ರಾಮಾಣಿಕನಾದರೆ ‘ಹೌದು, ಮಾಡಬಹುದು, ನಾನು ನಿಮ್ಮ ಓಡಾಟದ ಕೂಲಿ ತಗೋತೀನಿ’ ಅನ್ನುತ್ತಾನೆ. ‘ಅದೆಲ್ಲ ನಿಮ್ಮ ಕೈಲಾಗೋಲ್ಲ’ ಅಂದರೆ ಎದ್ದು ಬನ್ನಿ.

ಎರಡು: ‘ಎಷ್ಟು ನಂಬರ್ ಏರಿಸ್ತೀರಿ?’ 750 ಗ್ಯಾರಂಟಿ, 800 ಗ್ಯಾರಂಟಿ ಅಂದವನು ಸುಳ್ಳುಗಾರ. ತೀರ್ಮಾನ ಅವನ ಕೈಯಲ್ಲಿ ಇಲ್ಲವೇ ಇಲ್ಲ.

ಮೂರು: ‘ದುಡ್ಡು ಯಾವಾಗ?’ ಕೆಲಸಕ್ಕೆ ಮೊದಲೇ ಪೂರಾ ಕೇಳುವವನ ಸಹವಾಸ ಬೇಡ. ಯಾವ ಖಾತೆಯ ಯಾವ ತಪ್ಪಿಗೆ ಅರ್ಜಿ, ಅದಕ್ಕೆ ಕೂಲಿ ಎಷ್ಟು, ಆಗದಿದ್ದರೆ ವಾಪಸ್ ಎಷ್ಟು ಅಂತ ಕಾಗದದ ಮೇಲೆ ಬರೆದು ರಸೀದಿ ಕೊಡಲಿ. ಬೋರ್ಡು, ಬಾಗಿಲು, ವಿಳಾಸ ಇರುವ ಜಾಗವನ್ನು ನೀವೇ ಹೋಗಿ ನೋಡಿ.

ನಾಲ್ಕು: ‘ಯಾರ ಮೊಬೈಲು ಹಾಕ್ತೀರಿ?’ ನಿಮ್ಮದೇ ನಂಬರು, ನಿಮ್ಮದೇ ಇ-ಮೇಲ್ ಇರಬೇಕು. ಓಟಿಪಿ, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಆಧಾರ್, ಪ್ಯಾನ್, ಓಟಿಪಿ ಮೂರೂ ಕೊಟ್ಟರೆ ಮನೆ ಬೀಗದ ಕೈ ಕೊಟ್ಟ ಹಾಗೆ. ನಿಮ್ಮ ಹೆಸರಿನಲ್ಲೇ ಹೊಸ ಸಾಲ ಎತ್ತಲು ಅಷ್ಟು ಸಾಕು.

ಐದು: ‘ನಿಮಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ?’ ‘ಇದೆ’ ಅಂದರೆ ಅಲ್ಲೇ ಸಿಕ್ಕಿಬಿದ್ದ. ಸಿಬಿಲ್ ರಿಪೇರಿಗೆ ಅಂತ ರಿಸರ್ವ್ ಬ್ಯಾಂಕು ಪರವಾನಗಿ ಕೊಡುವುದಿಲ್ಲ. ಪರವಾನಗಿ ಇರುವುದು ಮೇಲೆ ಹೇಳಿದ ನಾಲ್ಕು ಕಂಪನಿಗಳಿಗೆ.

ಕೊನೆಯದಾಗಿ, ಬೇರೆ ಪ್ಯಾನ್ ಮಾಡಿಸಿ, ಕಟ್ಟುತ್ತಿರುವ ಕಂತು ನಿಲ್ಲಿಸಿ, ನಿಜವಾದ ಸಾಲವನ್ನು ನನ್ನದಲ್ಲ ಅಂತ ಬರೆಯಿರಿ ಎಂದು ಹೇಳಿಕೊಡುವವನಿದ್ದರೆ ಅವನು ನಿಮ್ಮನ್ನು ಸೀದಾ ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗುತ್ತಿದ್ದಾನೆ ಅಂತ ತಿಳಿಯಿರಿ.

‘ಸರ್ಕಾರ ಸಾಲ ಮನ್ನಾ ಮಾಡಿದೆ, ದುಡ್ಡು ಕೊಟ್ಟರೆ ಸಿಬಿಲ್‌ನಿಂದ ತೆಗೆಸ್ತೀವಿ’ ಎನ್ನುವವರ ಬಗ್ಗೆಯೂ ಎಚ್ಚರವಿರಲಿ. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರದ ಕಡೆ ಜನ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಹೆದರಿ ಊರು ಬಿಟ್ಟ ಸುದ್ದಿ ನೀವೆಲ್ಲ ಓದಿದ್ದೀರಿ. ಮರುತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದು ಕಿರುಕುಳ ಕೊಡುವವರ ಮೇಲೆ, ನೋಂದಣಿ ಇಲ್ಲದೆ ಸಾಲ ಕೊಡುವವರ ಮೇಲೆ ಬೀಸಿದ ಚಾಟಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲವನ್ನು ಅದು ಮನ್ನಾ ಮಾಡಿಲ್ಲ.

ನೀವೇ ಮಾಡುವ ಬಗೆ

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. 2017ರಿಂದ ಇದು ಜಾರಿಯಲ್ಲಿದೆ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ತೆಗೆಯಿರಿ, ವಾಟ್ಸಾಪಿನಲ್ಲಿ ಬಂದ ಲಿಂಕು ಒತ್ತಬೇಡಿ. ಮಗನೋ ಮಗಳೋ ಮೊಬೈಲಿನಲ್ಲಿ ತೆಗೆದುಕೊಡುತ್ತಾರೆ. ಹೆಸರು, ಹುಟ್ಟಿದ ದಿನ, ಪ್ಯಾನ್ ಸರಿಯಿದೆಯೇ ನೋಡಿ. ನೀವು ತೆಗೆಯದ ಸಾಲ ಇದೆಯೇ, ತೀರಿಸಿದ್ದು ಬಾಕಿ ಅಂತ ಇದೆಯೇ ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕಿನಲ್ಲಿ ಲೀನವಾದವು. ಅಲ್ಲಿ ಹಳೇ ಸಾಲ ಮಾಡಿದ್ದವರು ಆ ಸಾಲು ಓದದೆ ಬಿಡಬೇಡಿ. ತಪ್ಪಿದ್ದರೆ ಈಗ ಆ ಖಾತೆ ಇರುವ ಬ್ಯಾಂಕನ್ನೇ ಕೇಳಬೇಕು.

ತಪ್ಪು ಕಂಡರೆ ಅದೇ ವೆಬ್‌ಸೈಟಿನಲ್ಲಿ ತಕರಾರು ಸಲ್ಲಿಸಿ, ಸಾಲ ಕೊಟ್ಟ ಬ್ಯಾಂಕಿಗೂ ಒಂದು ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. 30 ದಿನದೊಳಗೆ ಇತ್ಯರ್ಥವಾಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಅವರೇ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್ 26ರಿಂದ ಜಾರಿಗೆ ಬಂದ ನಿಯಮವಿದು. ಬ್ಯಾಂಕಿನವರು ಇದನ್ನು ಬೋರ್ಡಿನ ಮೇಲೆ ಬರೆದು ತೂಗುಹಾಕಿದ್ದನ್ನು ನಾವಂತೂ ಕಂಡಿಲ್ಲ! ಅವರು ತಿರಸ್ಕರಿಸಿದರೆ, ಅಥವಾ 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಡ. 14448ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಈಗಾಗಲೇ ಮೋಸ ಹೋದವರು 1930ಕ್ಕೆ ತಿಳಿಸಿ. ಜಿಲ್ಲಾ ಗ್ರಾಹಕ ಆಯೋಗದಲ್ಲೂ ಕೇಸು ಹಾಕಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ.

ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೇ ಇದೆಲ್ಲ ಒಂದು ಭಾನುವಾರದಲ್ಲಿ ಅರ್ಥವಾಯಿತು. ದಿನಾ ನೂರು ಗಿರಾಕಿಗಳ ಲೆಕ್ಕ ಬಾಯಲ್ಲೇ ಹೇಳುವ ನಿಮಗೆ ಆಗದೇ?

ಇನ್ನು ನಿಜವಾದ ಬಾಕಿಯ ಮಾತು. ಅದಕ್ಕೆ ಮದ್ದು ಒಂದೇ: ಕಟ್ಟುವುದು, ಕಾಯುವುದು. ‘ಸೆಟಲ್ಡ್’ ಅಂತ ಇದ್ದರೆ ಬಿಟ್ಟ ಮೊತ್ತವನ್ನೂ ಕಟ್ಟಿ, ‘ಬಾಕಿ ಇಲ್ಲ’ ಪತ್ರ ಪಡೆದು, ‘ಕ್ಲೋಸ್ಡ್’ ಅಂತ ಬರೆಸುವಂತೆ ಬ್ಯಾಂಕನ್ನೇ ಕೇಳಬೇಕು. ನಮ್ಮ ಸಂತೆಪೇಟೆಯವರು ಈಗ ಅದನ್ನೇ ಮಾಡುತ್ತಿದ್ದಾರೆ. ಆಮೇಲಿನ ಕಂತುಗಳನ್ನು ತಪ್ಪದೆ ಕಟ್ಟಿದರೆ ಅಂಕಿ ಮೆಲ್ಲಗೆ ಏರುತ್ತದೆ. ಒಂದೇ ವಾರದಲ್ಲಿ ನಾಲ್ಕಾರು ಬ್ಯಾಂಕಿಗೆ ಅರ್ಜಿ ಹಾಕಿದರೆ ಅದೂ ವರದಿಯಲ್ಲಿ ಬೀಳುತ್ತದೆ, ನೆನಪಿರಲಿ.

ಬ್ಯಾಂಕಿನವರಿಗೆ ಒಂದು ಮಾತು

ಕಂಬದ ಚೀಟಿಗೆ ಗಿರಾಕಿಗಳನ್ನು ಕಳಿಸಿಕೊಡುತ್ತಿರುವವರು ಯಾರು? ‘ಸಿಬಿಲ್ ಸರಿಯಿಲ್ಲ’ ಅಂತ ಒಂದೇ ಮಾತಿನಲ್ಲಿ ಬಾಗಿಲು ಮುಚ್ಚುವ ಬ್ಯಾಂಕುಗಳೇ. ಮೊದಲ ಸಲ ಸಾಲ ಕೇಳುವವರಿಗೆ ಇಷ್ಟೇ ಸ್ಕೋರು ಇರಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕು ಮಾಡಿಲ್ಲವೆಂದು ಕೇಂದ್ರ ಸರ್ಕಾರ 2025ರಲ್ಲಿ ಪಾರ್ಲಿಮೆಂಟಿನಲ್ಲೇ ಹೇಳಿದೆ. ಆದರೂ ಕೌಂಟರಿನಲ್ಲಿ ಅಂಕಿಯೇ ದೇವರು.

ಯಾವ ಖಾತೆ, ಯಾವ ತಿಂಗಳು, ಎಷ್ಟು ಬಾಕಿ ಅಂತ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟರೆ ಬ್ಯಾಂಕಿನ ಗಂಟೇನೂ ಹೋಗುವುದಿಲ್ಲ. ಜಿಲ್ಲಾಡಳಿತ ಮತ್ತು ಲೀಡ್ ಬ್ಯಾಂಕಿನವರು ತಿಂಗಳಿಗೊಂದು ದಿನ, ಬೇಡ, ದಸರಾಕ್ಕೆ ಮುಂಚೆ ವರ್ಷಕ್ಕೊಂದು ವಾರವಾದರೂ ಮಾರುಕಟ್ಟೆಯ ಹತ್ತಿರ ಮೇಜು ಹಾಕಿ ಕೂತು ಜನರ ವರದಿ ತೆಗೆದು ಓದಿ ಹೇಳಲಿ. ಕಂಬಗಳ ಮೇಲಿನ ಅರ್ಧ ಚೀಟಿಗಳು ತಾವಾಗಿಯೇ ಉದುರುತ್ತವೆ.

ಅಲ್ಲಿಯವರೆಗೆ, ಬಸ್ಸು ಬರುವ ತನಕ ಕಂಬ ಓದಿ. ಓದಲು ಕಾಸು ಕೊಡಬೇಕಾಗಿಲ್ಲ. ಆದರೆ ಫೋನು ಮಾಡುವ ಮುಂಚೆ ಮನೆಗೆ ಹೋಗಿ ಡ್ರಾಯರ್ ತೆಗೆದು ಹಳೇ ರಸೀದಿಗಳನ್ನು ಹುಡುಕಿ. ನಿಮ್ಮ ಸಿಬಿಲ್ ರಿಪೇರಿಯ ಸಾಮಾನು ಅಲ್ಲಿದೆ.